ದೊಡ್ಡಪ್ಪನ ಪಕ್ಕದ ಸೊನ್ನೆ

ಅಡುಗೆಮನೆಯ ಸ್ಲೇಟಿನ ಮೇಲೆ ಭಾಗಾಕಾರದ ಮನೆಯೊಂದಿತ್ತು. ಒಳಗೆ ಆರು ಎಂಬ ದೊಡ್ಡಪ್ಪ ಕಾಲು ಚಾಚಿ ಕೂತಿದ್ದ. ಗಡಿಗೆಯಲ್ಲಿದ್ದ ಆರು ಲೀಟರ್ ಮಜ್ಜಿಗೆಯ ಲೆಕ್ಕ ತಾನೇ ಎಂಬ ಜಂಬ ಅವನಿಗೆ. ಅದನ್ನು ಅರ್ಧ ಲೀಟರಿನ ಚೊಂಬಿನಲ್ಲಿ ಹಂಚಲು ಬಾಗಿಲಿಗೆ ಬಂದವಳು 0.5 ಎಂಬ ಪುಟ್ಟಿ.

“ದೊಡ್ಡಪ್ಪ, ಈ ಬಿಂದು ಹೊತ್ತುಕೊಂಡು ಭಾಗಿಸಲಾರೆ. ಇದನ್ನು ಬಲಕ್ಕೆ ಸರಿಸಿ ಐದಾಗುತ್ತೇನೆ. ನೀವೂ ಪಕ್ಕದಲ್ಲಿ ಒಂದು ಸೊನ್ನೆ ಕೂರಿಸಿಕೊಳ್ಳಿ.”

“ನನಗೆ ಬಿಂದುವೇ ಇಲ್ಲ, ನಾನೇಕೆ ಸರಿಯಲಿ? ಅದೂ ಆ ಬರಿಗೈ ಸೊನ್ನೆಗೆ ಜಾಗ ಬಿಟ್ಟು? ನೀನೊಬ್ಬಳೇ ಐದಾಗು.”

ಪುಟ್ಟಿ ಐದಾದಳು. ಸೂರಿನ ಮೇಲೆ ಉತ್ತರ ಮೂಡಿತು: 1.2.

“ಇದೇನು ಸ್ವಾಮಿ!” ಎಂದು ಚೊಂಬು ಕೂಗಿತು. “ನಾನು ಒಂದು ಸಲ ತುಂಬಿ, ಇನ್ನೊಂದಿಷ್ಟು ಮೊಗೆದರೆ ಗಡಿಗೆ ಖಾಲಿಯೇ? ಹೊರಗೆ ಹನ್ನೆರಡು ಜನ ಬಿಸಿಲಲ್ಲಿ ಬಂದು ಕೂತಿದ್ದಾರೆ!”

ದೊಡ್ಡಪ್ಪ ಪುಟ್ಟಿಯ ಮುಖ ನೋಡಿದ. ಅವಳು ಅಳು ನುಂಗಿಕೊಂಡು ನಿಂತಿದ್ದಳು. ಅವನು ಕಾಲು ಮಡಚಿ, ಜಾಗ ಮಾಡಿ, “ಬಾರಪ್ಪಾ” ಎಂದು ಸೊನ್ನೆಯನ್ನು ಕರೆದ. ಆರು ಅರವತ್ತಾಯಿತು.

ಲೆಕ್ಕ ಮತ್ತೆ ಮೊದಲಿನಿಂದ ಶುರುವಾಯಿತು. ಪುಟ್ಟಿ ಆರರಲ್ಲಿ ಐದನ್ನು ಕಳೆದಳು. ದೊಡ್ಡಪ್ಪನ ಬಳಿ ಉಳಿದದ್ದು ಒಂದೇ ಒಂದು. ಅವನು ತಲೆ ತಗ್ಗಿಸಿದ. ಆಗ ಮೇಲಿದ್ದ ಸೊನ್ನೆ ಮೆಲ್ಲಗೆ ಇಳಿದು ಬಂದು ಅವನ ಪಕ್ಕ ಕೂತ. ಒಂದು ಹತ್ತಾಯಿತು, ಐದು ಅದರಲ್ಲಿ ಸರಿಯಾಗಿ ಎರಡು ಸಲ ಹೋಯಿತು; ದೊಡ್ಡಪ್ಪನ ಬಳಿ ಶೇಷ ಏನೂ ಉಳಿಯಲಿಲ್ಲ.

ಸೂರಿನ ಮೇಲೆ ಹನ್ನೆರಡು! ಚೊಂಬು ಗಡಿಗೆಗೆ ಧುಮುಕಿತು.

“ನಿನ್ನನ್ನು ಬರಿಗೈ ಅಂದುಬಿಟ್ಟೆನಲ್ಲೋ” ಎಂದ ದೊಡ್ಡಪ್ಪ.

ಸೊನ್ನೆ ನಕ್ಕ. “ಎಲ್ಲ ಕೊಟ್ಟಾಯಿತಲ್ಲ, ಈಗ ನೀವೂ ನನ್ನ ಹಾಗೆಯೇ ದೊಡ್ಡಪ್ಪ.”