ಪ್ಲಾಸ್ಟಿಕ್ ಬಿಚ್ಚದ ಸೀಟು

ಒಂದು ಕಾರಿನ ಹಿಂದಿನ ಸೀಟಿಗೆ ಆರು ವರ್ಷವಾಗಿತ್ತು. ಆದರೂ ಶೋರೂಮಿನಿಂದ ಬಂದಾಗ ಹೊದ್ದಿದ್ದ ಪ್ಲಾಸ್ಟಿಕ್ಕನ್ನು ಬಿಚ್ಚಲು ಅದು ಯಾರಿಗೂ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಮನೆಯವರ ಜೊತೆ ಪ್ರಯಾಣಕ್ಕೆ ಹೊರಟ ಬೋರ ಎಂಬ ನಾಯಿ ಬಾಗಿಲಿಗೆ ಬಂದು ನಿಂತಿತು.

“ಕಾಲು ಒರೆಸಿಕೋ. ಜೊಲ್ಲು ಸುರಿಸಬೇಡ. ಕೂದಲು ಉದುರುವುದಿದ್ದರೆ ಹೊರಗೇ ಉದುರಿಸಿ ಬಾ,” ಎಂದಿತು ಸೀಟು.

“ಆಗಲಿ ಸ್ವಾಮಿ. ನೀವು ಒಂದು ಹಳೆಯ ಜಮಖಾನ ಹೊದ್ದುಕೊಂಡು, ನನ್ನ ಎದೆಪಟ್ಟಿಯನ್ನು ಹಿಡಿದುಕೊಳ್ಳಲು ನಿಮ್ಮ ಸೀಟ್ ಬೆಲ್ಟಿಗೆ ಹೇಳಿದರೆ ಸಾಕು.”

“ಜಮಖಾನ ಹೊದ್ದರೆ ನಾನಿನ್ನೂ ಹೊಸದೆಂದು ಯಾರಿಗೆ ಗೊತ್ತಾಗಬೇಕು? ಬೆಲ್ಟು ಎಳೆದರೆ ಪ್ಲಾಸ್ಟಿಕ್ ಸುಕ್ಕಾಗುತ್ತದೆ. ಸುಮ್ಮನೆ ಕೂರು!”

ಕಾರು ಹೊರಟಿತು. ರಸ್ತೆಯ ಮೊದಲ ಹಂಪ್ ಬಂದದ್ದೇ ತಡ, ಬೋರ ಸರ್ರನೆ ಜಾರಿತು. ಹಿಡಿತಕ್ಕೆಂದು ಉಗುರು ಊರಿದಲ್ಲಿ ಪ್ಲಾಸ್ಟಿಕ್ ಉದ್ದಕ್ಕೂ ಸೀಳಿತು. ಪಕ್ಕದಲ್ಲಿ ಮನೆಯವರು ಇಟ್ಟಿದ್ದ ಬುತ್ತಿಯ ಡಬ್ಬಿ ಮಗುಚಿ ಮೊಸರನ್ನವೆಲ್ಲ ಆ ಸೀಳಿನೊಳಗೆ ಸೇರಿತು. ಬೋರ ಕೆಳಗೆ ಬಿದ್ದು ಮೂತಿ ಜಜ್ಜಿಕೊಂಡಿತು.

“ಅಯ್ಯೋ, ನೆಕ್ಕು ಮಾರಾಯ, ಬೇಗ ನೆಕ್ಕು!” ಎಂದು ಸೀಟು ಗೋಗರೆಯಿತು.

“ಜೊಲ್ಲು ಬೀಳುತ್ತದಲ್ಲ ಸ್ವಾಮಿ?”

“ಬೀಳಲಿ!”

“ಹಾಗಾದರೆ ಮೊದಲು ಬೆಲ್ಟನ್ನು ಕರೆಯಿರಿ,” ಎಂದಿತು ಬೋರ, ಮೂತಿ ಸವರಿಕೊಳ್ಳುತ್ತ. “ಮುಂದೆ ಇನ್ನೊಂದು ಹಂಪ್ ಕಾಣುತ್ತಿದೆ.”