ಪರದೆ ಬರೆಯುವವಳ ಗಂಟುಗಳು

“ಗುರುಗಳೇ, ಮರ, ಕಲ್ಲು, ಗೋಡೆ ಎಲ್ಲವೂ ಪುಕ್ಕಟೆಯಾಗಿ ಕಣ್ಣೆದುರಿಗೇ ಇವೆ. ಅವುಗಳ ಅಚ್ಚು ತೆಗೆದು, ಹೆಸರು ಬರೆದು, ವಿಂಗಡಿಸಿ ಇಡುವುದು ಯಾಕೆ? ಬೇಕಾದಾಗ ಹೋಗಿ ನೋಡಿಕೊಂಡರಾಯಿತಲ್ಲ?” ಎಂದು ಚಿತ್ರ ಕಲಿಯುತ್ತಿದ್ದ ಶಿಷ್ಯ ಈರಯ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ನಾಟಕ ಕಂಪನಿಯಲ್ಲಿ ಪರದೆ ಬರೆಯುವ ಹೆಂಗಸೊಬ್ಬಳಿದ್ದಳು. ಕಂಪನಿ ಊರೂರು ತಿರುಗುವಾಗ ಅವಳು ಕಾಗದ, ಇದ್ದಿಲು ಹಿಡಿದು ಹೊರಡುವಳು. ಮರದ ತೊಗಟೆಯ ಮೇಲೋ ಹಳೆಯ ಗೋಡೆಯ ಮೇಲೋ ಕಾಗದ ಒತ್ತಿ ಇದ್ದಿಲಿನಿಂದ ಉಜ್ಜಿದರೆ ಅದರ ಗೆರೆ, ಬಿರುಕು ಎಲ್ಲ ಮೂಡುತ್ತಿತ್ತು. ಇನ್ನೊಬ್ಬರ ಅಂಗಳವಾದರೆ ಕೇಳಿಯೇ ತೆಗೆಯುವಳು. ಹಾಳೆಯ ಹಿಂದೆ ಊರಿನ ಹೆಸರು ಬರೆದು, ಕಾಡಿನ ಪರದೆಗೆ ಬೇಕಾದದ್ದು ಒಂದು ಗಂಟು, ಕೋಟೆಗೆ ಬೇಕಾದದ್ದು ಇನ್ನೊಂದು ಎಂದು ಮೇಣಬಟ್ಟೆಯಲ್ಲಿ ಕಟ್ಟಿಡುವಳು. ವರ್ಷಗಟ್ಟಲೆ ಹೀಗೆಯೇ ನಡೆಯಿತು. ಗಾಡಿಯಲ್ಲಿ ಜಾಗ ಸಾಲದೆಂದು ನಟರು ಗೊಣಗಿದರೆ ಗಂಟುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುವಳು.

ಒಮ್ಮೆ ಹೊಳೆ ದಾಟುವಾಗ ಸಾಮಾನಿನ ಗಾಡಿ ಮಗುಚಿತು. ಪರದೆಗಳೆಲ್ಲ ನೀರುಪಾಲಾದವು; ಹಿಂದಿನ ಗಾಡಿಯಲ್ಲಿ ಅವಳ ತೊಡೆಯ ಮೇಲಿದ್ದ ಗಂಟುಗಳು ಮಾತ್ರ ಉಳಿದವು. ಮರುದಿನ ಸಂಜೆಯೇ ದೊಡ್ಡ ಊರಿನಲ್ಲಿ ಆಟ. ಅದು ನಿಂತರೆ ಕಂಪನಿಯೇ ಮುಚ್ಚುವ ಸ್ಥಿತಿ.

ಮಾಲೀಕ ತಲೆಯ ಮೇಲೆ ಕೈಹೊತ್ತು ಕುಳಿತ. “ಒಂದು ಹಗಲಿನಲ್ಲಿ ಕಾಡು, ಕೋಟೆ ಎಲ್ಲಿಂದ ತರುತ್ತೀಯಮ್ಮ?”

“ನನ್ನ ಹತ್ತಿರ ಇವೆ. ಬಿಳಿ ಬಟ್ಟೆ, ಅಂಟು, ನಾಲ್ಕು ಜನ ಕೊಡಿ, ಸಾಕು” ಎಂದಳು.

ಹುಡುಕುವ ಕೆಲಸವೇ ಇರಲಿಲ್ಲ. ಕೈ ಹಾಕಿದ ಗಂಟಿನಲ್ಲಿ ಬೇಕಾದ ಹಾಳೆಯೇ ಸಿಕ್ಕಿತು. ಅಂಚಿಗೆ ಅಂಚು ಕೂಡಿಸಿ ಬಟ್ಟೆಗೆ ಅಂಟಿಸಿದರು. ಅವಳು ಮೇಲೆ ತೆಳುವಾಗಿ ಬಣ್ಣ ಹಾಯಿಸಿದಳು. ಹೊತ್ತು ಇಳಿಯುವುದರೊಳಗೆ ಕಾಡು ಎದ್ದಿತು, ಕೋಟೆ ನಿಂತಿತು.

ಆಟದಲ್ಲಿ ಕೋಟೆಯ ಪರದೆ ಇಳಿದಾಗ ಜನ ಉಸಿರು ಬಿಗಿಹಿಡಿದರು. ಗಾರೆ ಕೆಲಸದ ಮುದುಕನೊಬ್ಬ ಎದ್ದು ರಂಗದ ಹತ್ತಿರ ಬಂದ. “ಇದು ನಮ್ಮೂರ ಕೋಟೆ. ಈ ಬಿರುಕಿಗೆ ಗಾರೆ ತುಂಬಿದ್ದು ನಮ್ಮಪ್ಪ” ಎಂದು ಪರದೆಗೆ ಕೈಮುಗಿದ. ಆಮೇಲೆ ಬಿದ್ದ ಚಪ್ಪಾಳೆಗೆ ನಟರು ಮಾತು ನಿಲ್ಲಿಸಬೇಕಾಯಿತು. ಮರೆಯಲ್ಲಿ ನಿಂತಿದ್ದ ಅವಳಿಗೆ ಕಣ್ಣು ತುಂಬಿ ಬಂತು. ಮಾಲೀಕ ತಾನೇ ಅವಳನ್ನು ರಂಗದ ನಡುವಿಗೆ ಕರೆತಂದ. ಆ ಊರಿನಲ್ಲಿ ಕಂಪನಿ ನಲವತ್ತು ದಿನ ಆಡಿತು.

ಈರಯ್ಯನ ಮುಖ ಅರಳಿತು. “ಆ ಕೋಟೆಯನ್ನು ನಾನೂ ಹೋಗಿ ನೋಡಬೇಕು, ಗುರುಗಳೇ. ಎಲ್ಲಿದೆ?”

“ಆ ಆಟಕ್ಕೆ ಹತ್ತು ವರ್ಷ ಮೊದಲೇ ಅದು ಬಿದ್ದುಹೋಗಿತ್ತು” ಎಂದರು ಗುರುಗಳು.