ಹುದ್ದೆಗೆ ತಕ್ಕ ಬ್ಯಾಟರಿ

ಮೆಕ್ಯಾನಿಕ್ ದಸ್ತಗೀರನಿಗೆ ಒಂದು ಅಭ್ಯಾಸ. ಯಾರು ಏನೇ ಕೇಳಲಿ, ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ ಮೇಲೇ ಬಾಯಿ ಬಿಡುವುದು.

ಅವತ್ತು ಪುರಸಭೆಯ ಮ್ಯಾನೇಜರ್ ಚಿದಾನಂದಯ್ಯನವರು ಬೈಕು ತಳ್ಳಿಕೊಂಡು ಬಂದರು. ಬ್ಯಾಟರಿ ಪೂರ್ತಿ ಹೋಗಿತ್ತು.

“ಇದಕ್ಕೆ ಐದು ಆಂಪಿಯರಿನದು ಸಾರ್,” ಎಂದ ದಸ್ತಗೀರ.

“ನನ್ನ ಗುಮಾಸ್ತನಿಗೂ ಐದು, ನನಗೂ ಐದೇನಯ್ಯಾ? ಒಂಬತ್ತರದು ಹಾಕು. ನಿನ್ನ ಅಂಗಡಿ ಲೈಸೆನ್ಸಿನ ಫೈಲು ನನ್ನ ಮೇಜಿನ ಮೇಲೇ ಇದೆ, ಗೊತ್ತಲ್ಲ?”

ಒಂಬತ್ತರದು ಆ ಬೈಕಿನ ಬ್ಯಾಟರಿ ಗೂಡಿನಲ್ಲಿ ಹಿಡಿಸುವುದಿಲ್ಲ. ಗೂಡು ಕೊಯ್ದು ತುರುಕಿದರೆ, ನಾಳೆ ಬೈಕು ಕೆಡಿಸಿದ ಅಪವಾದ ತನ್ನ ತಲೆಗೇ. ಹಾಕದಿದ್ದರೆ ಅಂಗಡಿಗೇ ಬೀಗ. ದಸ್ತಗೀರ ನಿಧಾನವಾಗಿ ಹತ್ತೂ ಬೆರಳು ಒರೆಸಿಕೊಂಡ.

“ಹಾಕ್ತೀನಿ ಸಾರ್. ಆದ್ರೆ ನಿಮ್ಮ ಚೀಫ್ ಆಫೀಸರ್ ಸಾಹೇಬರದ್ದೂ ಇದೇ ಬೈಕು. ಮೊನ್ನೆ ಅವರಿಗೆ ಐದರದ್ದೇ ಹಾಕಿದೆ. ನಿಮಗೆ ಮಾತ್ರ ಒಂಬತ್ತು ಯಾಕೆ ಅಂತ ಅವರು ಕೇಳಿದ್ರೆ ಏನು ಹೇಳ್ಲಿ?”

ಮ್ಯಾನೇಜರರ ಮುಖ ಸಣ್ಣಗಾಯಿತು. “ಛೆ ಛೆ! ದೊಡ್ಡೋರಿಗಿಂತ ಜಾಸ್ತಿ ನಮಗ್ಯಾಕಪ್ಪಾ? ಐದೇ ಹಾಕು.”

ದಸ್ತಗೀರ ಹಾಕಿದ. ಸೆಲ್ಫ್ ಒತ್ತಿದೊಡನೆ ಬೈಕು ಗುರುಗುಟ್ಟಿತು. ಆದರೂ ಚಿದಾನಂದಯ್ಯನವರು ಹತ್ತಲಿಲ್ಲ. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

“ಈಗ ಇಬ್ಬರದ್ದೂ ಸಮ ಆಯ್ತಲ್ಲೋ. ಸಾಹೇಬರದ್ದಕ್ಕಿಂತ ಒಂಚೂರು ಕಮ್ಮೀದು ಇದ್ರೆ ಹಾಕಿಕೊಡಪ್ಪಾ.”